ಬ್ರೌಸರ್ ಭಾವ

ನಮ್ಮ ಭಾವ ಮನೆಗೆ ಬಂದು, ಕಾಲು ತೊಳೆದು, ಒಂದು ಲೋಟ ನೀರು ಕುಡಿದ ಮೇಲೆ ಕೇಳುವ ಮೊದಲ ಪ್ರಶ್ನೆ "ಎಲ್ಲಾ ಸೌಖ್ಯವೇನೋ?" ಎಂದಲ್ಲ. "ಏನೋ, ಇನ್ನೂ ಅದನ್ನೇ ಇಟ್ಕೊಂಡಿದ್ದೀಯಾ?" ಅಂತ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಭಾವ ಕೇಳಿದ್ದು ಅವಳ ವಿಷಯವಲ್ಲ, ನನ್ನ ಕಂಪ್ಯೂಟರಿನ ಬ್ರೌಸರಿನ ವಿಷಯ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇಂಥವರೊಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರೆ. ಇವರ ತಂದೆಯ ಕಾಲದಲ್ಲಿ ಈ ಹಟವೆಲ್ಲ ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕು, ಏಕಾದಶಿಗೆ ಯಾವ ಪಂಚಾಂಗ ಹಿಡಿಯಬೇಕು, ಸ್ಕೂಟರ್ ಬಜಾಜೋ ಲ್ಯಾಂಬ್ರೆಟಾವೋ ಎಂಬುದರಲ್ಲಿ ಖರ್ಚಾಗುತ್ತಿತ್ತು. ಈಗ ಬ್ರೌಸರಿಗೆ ಬಂದು ನಿಂತಿದೆ. ಪುಕ್ಕಟೆ ಸಿಗುವ ವಸ್ತುವಿನ ಬಗ್ಗೆ ಮನುಷ್ಯ ಇಷ್ಟು ಹಟ ಮಾಡುವುದನ್ನು ನಾನು ಇನ್ನೊಂದು ಕಡೆ ಕಂಡಿರುವುದು ಮದುವೆ ಮನೆಯ ಪಂಕ್ತಿಯಲ್ಲಿ ಮಾತ್ರ.

ಭಾವ ಮೈಸೂರಿನವರು. ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು. ಕನ್ನಡಕದ ಬಲಗಡೆಯ ಕಡ್ಡಿಯ ತಿರುಪು ಎಂದೋ ಬಿದ್ದುಹೋಗಿ, ಅಲ್ಲಿಗೆ ಬಿಳಿ ದಾರ ಸುತ್ತಿದ್ದಾರೆ. ಯಾವ ಬ್ರೌಸರ್ ಹಾಕಿದರೂ ಅವರು ಮಾಡುವ ಮೊದಲ ಕೆಲಸ ಅಕ್ಷರವನ್ನು ನೂರೈವತ್ತಕ್ಕೆ ಹಿಗ್ಗಿಸುವುದು. ಆಮೇಲೆ ಅದರಲ್ಲಿ ಅವರು ನೋಡುವುದು ಮೂರೇ ಮೂರು: ಬ್ಯಾಂಕ್ ಠೇವಣಿಯ ಬಡ್ಡಿ ದರ, ಅಮೆರಿಕದಲ್ಲಿರುವ ಮಗನ ಊರಿನ ಹವೆ, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. "ಕಟ್ಟೆ ತುಂಬಿದರೆ ಯಾವುದರಲ್ಲಿ ನೋಡಿದರೂ 124.80 ಅಡಿ ತಾನೆ?" ಎಂದು ಅಕ್ಕ ಒಮ್ಮೆ ಕೇಳಿದಳು. "ಅಡಿ ಅದೇ ಕಣೇ. ಅದು ಎಷ್ಟು ಬೇಗ ಬಂತು ಅನ್ನೋದು ಮುಖ್ಯ" ಎಂದರು. ನೀರಿಗೇ ಅಷ್ಟು ಅವಸರ ಇದ್ದಂತಿರಲಿಲ್ಲ.

ಅವರ ಮೊದಲ ಪ್ರೇಮ ನೆಟ್‌ಸ್ಕೇಪ್. 1999ರಲ್ಲಿ ಮನೆಗೆ ಕಂಪ್ಯೂಟರ್ ಬಂದಾಗ, ಮೋಡೆಮ್ಮು ಗಂಟಲು ಕೆರೆದುಕೊಂಡು ಕೂಗಿ ಫೋನ್ ಲೈನನ್ನು ಹಿಡಿದುಕೊಳ್ಳುತ್ತಿದ್ದ ಕಾಲ. ವಿಂಡೋಸ್ ಜೊತೆಗೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟಿಯಾಗಿ ಬಂದಿತ್ತು. ಕೇಳದೆ ಕೊಟ್ಟದ್ದನ್ನು ಭಾವ ತೆಗೆದುಕೊಳ್ಳುವವರಲ್ಲ. ಅಮೆರಿಕದ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಅವರು ನಮ್ಮ ತೋಟದ ಪಾಲಿನ ದಾವೆಗಿಂತ ಶ್ರದ್ಧೆಯಿಂದ ಹಿಂಬಾಲಿಸಿದರು. ಬ್ರೌಸರೂ ವಿಂಡೋಸೂ ಬೇರೆ ಮಾಡಲಾಗದಂತೆ ಬೆಸೆದಿವೆ ಎಂದು ಕಂಪನಿ ವಾದಿಸಿದಾಗ, "ಇದು ಅವಿಭಕ್ತ ಕುಟುಂಬ ಅಂತ ತೆರಿಗೆ ತಪ್ಪಿಸೋರು ಹೇಳೋ ಮಾತು" ಎಂದರು. 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡು ಹೋಳು ಮಾಡಿ ಎಂದು ನ್ಯಾಯಾಧೀಶರು ಹೇಳಿದ ದಿನ ಮನೆಯಲ್ಲಿ ಪಾಯಸ. ಮರುವರ್ಷ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋದಾಗ ಅಕ್ಕ ಬರೀ ತಿಳಿಸಾರು ಮಾಡಿದಳು. ಬೇರೆಯದನ್ನು ತಿನ್ನುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಆದರೆ ಕನ್ನಡ ಓದಬೇಕೆಂದರೆ ನೆಟ್‌ಸ್ಕೇಪ್ ಕೈಕೊಡುತ್ತಿತ್ತು. ಆಗಿನ ಎಷ್ಟೋ ಕನ್ನಡ ತಾಣಗಳ ಅಕ್ಷರ ಮೂಡುತ್ತಿದ್ದದ್ದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಬೇರೆ ಯಾವುದರಲ್ಲಿ ತೆಗೆದರೂ ತಲೆಗೆ ಟೊಪ್ಪಿ, ಕಾಲಿಗೆ ಬಾಲ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಮೇಲೆ ಯೂನಿಕೋಡ್ ಬಂತು, ಇನ್ನು ತೊಂದರೆಯಿಲ್ಲ ಎಂದರು. ನನ್ನ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಅದು ಇನ್ನೊಂದು ಬಗೆ ತೋರಿಸಿತು. ಒತ್ತಕ್ಷರ ಕೆಳಗಿಳಿಯುತ್ತಲೇ ಇರಲಿಲ್ಲ, ಪಕ್ಕದಲ್ಲೇ ಸಾಲಾಗಿ ನಿಂತುಬಿಡುತ್ತಿತ್ತು. ಭಾವ ವಿಂಡೋಸ್ ಸಿ.ಡಿ. ಹಿಡಿದುಕೊಂಡು ಮೈಸೂರಿನಿಂದ ಬಸ್ಸಿನಲ್ಲಿ ಬಂದರು. ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಅಲ್ಲೊಂದು ಚೌಕಕ್ಕೆ ಟಿಕ್ ಹಾಕಿ, ಸಿ.ಡಿ. ತಿರುಗಿಸಿದರು. ಅದಕ್ಕೆ ಮುಂಚೆ ತೆರೆಯ ಮೇಲೆ ನಾನು ಬರೆದಿದ್ದ ಕಾಗದ ಹೀಗೆ ಕಾಣುತ್ತಿತ್ತು: "ಪ್‌ರೀತಿಯ ಅಕ್‌ಕ, ಭಾವ". ಜೊತೆಯಲ್ಲಿ ಬಂದಿದ್ದ ಅಕ್ಕ ಬಗ್ಗಿ ನೋಡಿ, "ಅವರು ಮಾತ್ರ ಇಡಿಯಾಗಿದ್ದಾರೆ. ನನ್ನನ್ನ ಎರಡು ತುಂಡು ಮಾಡಿದೀಯಲ್ಲೋ" ಎಂದಳು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಅಕ್ಕ ಒಂದಾದಳು. ಭಾವನ ಮೇಲೆ ನನಗೆ ಇವತ್ತಿಗೂ ಗೌರವ ಉಳಿದಿದ್ದರೆ ಅದು ಆ ಒಂದು ಮಧ್ಯಾಹ್ನದಿಂದ.

2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಬಂತು. ನೆಟ್‌ಸ್ಕೇಪಿನ ಬೂದಿಯಿಂದ ಎದ್ದದ್ದು ಎಂದು ಅದಕ್ಕೆ ಮೊದಲು ಫೀನಿಕ್ಸ್ ಎಂದೇ ಹೆಸರಿತ್ತಂತೆ. ಭಾವನ ಜೀವನದ ಸುವರ್ಣಯುಗ ಅದು. ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಲ್ಲಿಗೆ ಹೋದರೂ ಜೇಬಿನಲ್ಲಿ ಪೆನ್‌ಡ್ರೈವ್. ಊಟಕ್ಕೆ ಎಲೆ ಹಾಕುವ ಮೊದಲೇ ಆ ಮನೆಯ ಕಂಪ್ಯೂಟರಿಗೆ ದೀಕ್ಷೆ ಆಗಿರುತ್ತಿತ್ತು. ಅದರ ಚಿತ್ರ ನೋಡಿ ಯಾರಾದರೂ ನರಿ ಅಂದರೆ ಅವರಿಗೆ ಆಗದು. "ನರಿ ಅಲ್ಲ ರೀ, ಫೈರ್‌ಫಾಕ್ಸ್ ಅಂದರೆ ಕೆಂಪು ಪಾಂಡಾ. ನಮ್ಮ ಸಿಕ್ಕಿಮ್ಮಿನ ರಾಜ್ಯಪ್ರಾಣಿ" ಎಂದು ತಿದ್ದುತ್ತಿದ್ದರು. ಅಕ್ಕನಿಗೆ ಇದೇ ಬೇಸರ. ದಿನಾ ಬೆಳಗ್ಗೆ ಎದ್ದು ನರಿ ಮುಖ ನೋಡುವ ಭಾಗ್ಯ ತಾನಾಗಿ ಒದಗಿತ್ತು, ಇವರು ಅದನ್ನೂ ಪಾಂಡಾ ಮಾಡಿಬಿಟ್ಟರು ಅಂತ. 2008ರ ಜೂನ್ 17ರಂದು ಫೈರ್‌ಫಾಕ್ಸಿನ ಮೂರನೆಯ ಆವೃತ್ತಿಯನ್ನು 24 ಗಂಟೆಯಲ್ಲಿ ಜಗತ್ತು 80,02,530 ಸಲ ಇಳಿಸಿಕೊಂಡು ಗಿನ್ನೆಸ್ ಪುಸ್ತಕ ಸೇರಿತು. ಕೊನೆಯ ಮೂವತ್ತರಲ್ಲಿ ಮೂರು ತಮ್ಮದೇ ಎಂದು ಭಾವ ನಂಬಿದ್ದಾರೆ.

ಇಷ್ಟು ನಿಷ್ಠೆಯಿದ್ದವರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದದ್ದೇ ಜಾರಿದರು. ಕೇಳಿದ್ದಕ್ಕೆ, "ಅದನ್ನ ನೋಡ್ಕೊಳ್ತಿರೋನು ಸುಂದರ್ ಪಿಚೈ ಅಂತ ಚೆನ್ನೈ ಹುಡುಗ. ಕಾವೇರಿ ವಿಷಯ ಬೇರೆ, ಇದು ಬೇರೆ" ಎಂದರು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿ ಎಪಿಕ್ ಎಂಬ ಬ್ರೌಸರ್ ಬಿಟ್ಟಾಗ, ನಮ್ಮ ಭಾಷೆಗಳನ್ನು ಒಳಗೇ ಟೈಪು ಮಾಡಬಹುದೆಂದು ಆರು ತಿಂಗಳು ಕನ್ನಡಾಭಿಮಾನ. ಮೊಬೈಲಿನಲ್ಲಿ ಒಪೆರಾ ಮಿನಿ. ಯು.ಸಿ. ಬ್ರೌಸರನ್ನು ಮಾತ್ರ ಅವರು ಬಿಡಲಿಲ್ಲ, 2020ರ ಜೂನ್‌ನಲ್ಲಿ ಭಾರತ ಸರ್ಕಾರವೇ ನಿಷೇಧಿಸಿ ಬಿಡಿಸಿತು.

ಈ ನಡುವೆ ಒಂದು ಗುಟ್ಟಿನ ಸಂಸಾರವೂ ಇತ್ತು. ಒಂದು ಕಚೇರಿಯ ತಾಣ ತೆಗೆದರೆ ಬಾಗಿಲಲ್ಲೇ ಬೋರ್ಡು: ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ನೋಡಿದರೆ ಚೆನ್ನ. ಚೆನ್ನ ಎಂದರೆ, ಬೇರೆಯದರಲ್ಲಿ ಬಟನ್ನೇ ಒತ್ತಲಾಗದು. ಭಾವ ತಮ್ಮ ಕೆಲಸಕ್ಕಾಗಿ ಆ ನೀಲಿ 'ಇ'ಯನ್ನು 'ಇತರೆ' ಎಂಬ ಫೋಲ್ಡರಿನೊಳಗೆ ಅಡಗಿಸಿಟ್ಟಿದ್ದರು. ತಿಂಗಳಿಗೊಮ್ಮೆ ಕೋಣೆಯ ಕದ ಮುಂದೆ ಮಾಡಿಕೊಂಡು ತೆರೆಯುವುದು, ಕೆಲಸ ಮುಗಿದ ಕೂಡಲೇ ಸಾವಿನ ಮನೆಯಿಂದ ಬಂದವರು ತಲೆಗೆ ನೀರು ಹಾಕಿಕೊಳ್ಳುವ ಹಾಗೆ ಹಿಸ್ಟರಿ, ಕುಕ್ಕಿ ಎಲ್ಲ ಅಳಿಸುವುದು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗೆ ಬೀಗ ಹಾಕಿತು. ಮಾರನೆಯ ದಿನ ಬೆಳಗಿನ ಆರೂವರೆಗೆ ಭಾವನ ಫೋನು. ಆ ಹೊತ್ತಿನಲ್ಲಿ ಬರುವ ಫೋನಿಗೆ ಎದೆ ಝಲ್ಲೆನ್ನುತ್ತದೆ. "ಹೋದ ಕಣೋ" ಎಂದರು. ಯಾರು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. "ಇಪ್ಪತ್ತೇಳು ವರ್ಷ. ವೈರಿಯಾದರೂ ನಮ್ಮ ಕಾಲದವನು." ದಕ್ಷಿಣ ಕೊರಿಯಾದಲ್ಲಿ ಒಬ್ಬ ಎಂಜಿನಿಯರ್ ಅದಕ್ಕೊಂದು ಗೋರಿಕಲ್ಲನ್ನೇ ಕೆತ್ತಿಸಿ, ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿದ್ದ ಎಂದು ಬರೆಸಿದ್ದಾನೆ ಎಂದು ತಿಳಿಸಿದಾಗ ಭಾವ ನಗಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನ ಉಪನಯನ. ರೈಲಿಗೆ ತತ್ಕಾಲ್ ಮಾಡಿಸಬೇಕು. ಸ್ಲೀಪರಿಗೆ ಹನ್ನೊಂದು ಗಂಟೆಗೆ ಬಾಗಿಲು. ಭಾವ ಹತ್ತಕ್ಕೇ ಸ್ನಾನ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರು. ಆ ಋತುವಿನ ಬ್ರೌಸರ್ ಬ್ರೇವ್. ಜಾಹೀರಾತು ತಡೆಯುವುದು ಅದರ ಹುಟ್ಟುಗುಣ. ಅದು ಸಾಲದೆಂದು ಭಾವ ಮೇಲೆ ಇನ್ನೂ ಮೂರು ತಡೆಗೋಡೆ ಕಟ್ಟಿದ್ದರು. ಹನ್ನೊಂದು ಹೊಡೆಯಿತು. ಹೆಸರು, ವಯಸ್ಸು, ಲೋಯರ್ ಬರ್ತ್ ಎಲ್ಲ ಮಿಂಚಿನಂತೆ ತುಂಬಿದರು. ಹಣ ಕಟ್ಟುವ ಹಂತ. ಬ್ಯಾಂಕಿನ ಪುಟ ಇನ್ನೊಂದು ಕಿಟಕಿಯಾಗಿ ತೆರೆಯಬೇಕು. ಇವರ ತಡೆಗೋಡೆಗಳಲ್ಲಿ ಯಾವುದೋ ಒಂದು ಅದನ್ನು ಜಾಹೀರಾತು ಎಂದುಕೊಂಡು ಹೊಸಲಲ್ಲೇ ಕೊಂದಿತು. ಅಕ್ಕನ ಫೋನಿಗೆ ಓಟಿಪಿ ಬಂತು. ಅವಳು ಅದನ್ನು ಗಟ್ಟಿಯಾಗಿ ಓದಿದಳು, ಇನ್ನೊಮ್ಮೆ ಓದಿದಳು. "ಎಲ್ಲಿ ಬರೀಲಿ ಕಣೇ, ಡಬ್ಬಿನೇ ಇಲ್ಲ!" ಎಂದರು ಭಾವ. ಒಂದೊಂದೇ ಗೋಡೆ ಕೆಡವಿ, ಪುಟ ರಿಫ್ರೆಶ್ ಮಾಡಿ, ಮತ್ತೆ ಒಳಹೊಕ್ಕಾಗ ಹನ್ನೊಂದು ಗಂಟೆ ನಾಲ್ಕು ನಿಮಿಷ, ವೇಟಿಂಗ್ ಲಿಸ್ಟ್ ಮೂವತ್ತೆಂಟು.

ಬಸ್ಸಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಎಗರಿ ಎಗರಿ ಬೀಳುತ್ತ ಭಾವ ನನಗೆ ಹೇಳಿದರು: "ಟಿಕೆಟ್ ಸಿಗಲಿಲ್ಲ ನಿಜ. ಆದರೆ ನಾವು ಎಲ್ಲಿಗೆ ಹೊರಟಿದ್ದೀವಿ ಅಂತ ಜಗತ್ತಿನಲ್ಲಿ ಒಬ್ಬ ಜಾಹೀರಾತಿನವನಿಗೂ ಗೊತ್ತಾಗಲಿಲ್ಲ, ನೋಡು." ಅಷ್ಟು ಹೊತ್ತಿಗೆ ಅಕ್ಕ ಬಸ್ಸಿನ ಕಿಟಕಿಯ ಫೋಟೊ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, "ಅರಸೀಕೆರೆ ದಾಟಿದೆವು" ಎಂದು ಬರೆದಿದ್ದಳು.

ಮಾರನೆಯ ದಿನ ಮಂಟಪದಲ್ಲಿ ವಟುವಿಗೆ ಪ್ರವರ ಹೇಳಿಕೊಡುತ್ತಿದ್ದರು. ಋಷಿಗಳ ಹೆಸರು, ಗೋತ್ರ, ಸೂತ್ರ, ಕೊನೆಗೆ ಇಂಥ ಶರ್ಮಾ ಎಂಬ ನಾನು ನಮಸ್ಕರಿಸುತ್ತೇನೆ ಎಂದು. ಭಾವ ನನ್ನ ಪಕ್ಕೆ ತಿವಿದರು. "ಬ್ರೌಸರೂ ಹಿಂಗೇ ಹೇಳುತ್ತೆ ಗೊತ್ತಾ?" ನನಗೆ ಗೊತ್ತಿರಲಿಲ್ಲ. ಯಾವ ತಾಣದ ಬಾಗಿಲು ತಟ್ಟಿದರೂ ಬ್ರೌಸರ್ ಮೊದಲು ತನ್ನ ಪರಿಚಯ ಹೇಳಿಕೊಳ್ಳಬೇಕು. ಕ್ರೋಮ್ ಹೇಳಿಕೊಳ್ಳುವುದು ಹೀಗೆ: ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆ.ಎಚ್.ಟಿ.ಎಂ.ಎಲ್., ಗೆಕ್ಕೋನಂತೆ, ಕ್ರೋಮ್, ಸಫಾರಿ. ಐದು ಋಷಿಗಳ ನಡುವೆ ತನ್ನ ಹೆಸರು ಒಂದು ಸಲ. "ಪಂಚಾರ್ಷೇಯ ಪ್ರವರಾನ್ವಿತ ಕ್ರೋಮ್ ಶರ್ಮಾ!" ಎಂದು ಭಾವ ಪಿಸುಗುಟ್ಟಿದರು. ಮೊಜಿಲ್ಲಾ ಎಂಬುದು ನೆಟ್‌ಸ್ಕೇಪಿನ ಒಳಹೆಸರು. ಒಂದು ಕಾಲಕ್ಕೆ ಹಲವು ತಾಣಗಳು ಮೊಜಿಲ್ಲಾ ಮನೆತನದವರಿಗೆ ಮಾತ್ರ ಒಳ್ಳೆಯ ಪುಟ ಬಡಿಸುತ್ತಿದ್ದವಂತೆ. ಪಂಕ್ತಿಯಲ್ಲಿ ಎಲೆ ಸಿಗಲಿ ಎಂದು ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದು ಸುಳ್ಳು ಹೇಳಿತು. ಅದರ ಹಿಂದೆ ಬಂದವರೆಲ್ಲ ಅದೇ ಸುಳ್ಳಿಗೆ ತಮ್ಮದೊಂದು ಸೇರಿಸುತ್ತ ಹೋದರು. "ಗೆಕ್ಕೋ ಅಂದರೆ ಯಾವ ಋಷಿ?" ಎಂದು ಹಿಂದಿನ ಸಾಲಿನಿಂದ ಅಕ್ಕ ಕೇಳಿದಳು. "ಹಲ್ಲಿ" ಎಂದೆ. ಅವಳು ಮೂರು ಸಲ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಎಂದಳು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಊಟವಾದ ಮೇಲೆ, ಬಾಯಲ್ಲಿ ಎಲೆಯಡಿಕೆ ಇದ್ದ ಧೈರ್ಯಕ್ಕೆ, ನಾನು ಪ್ರವರದಿಂದ ಗೋತ್ರಕ್ಕೆ ಬಂದೆ. ಒಪೆರಾ 2013ರಲ್ಲಿ ತನ್ನ ಸ್ವಂತ ಒಲೆ ಆರಿಸಿ ಗೂಗಲ್ಲಿನ ಕ್ರೋಮಿಯಂಗೆ ಸೇರಿತು. ಎಪಿಕ್ ಕೂಡ ಅದೇ ವರ್ಷ. ಎಡ್ಜ್ 2020ರಲ್ಲಿ. ಬ್ರೇವ್, ವಿವಾಲ್ಡಿಯೂ ಅದೇ ಅಡುಗೆಯವು. "ಅಂದರೆ ಭಾವ, ಇಷ್ಟು ವರ್ಷ ನೀವು ಮನೆ ಬದಲಾಯಿಸಿದ್ದಲ್ಲ. ಒಂದೇ ವಠಾರದಲ್ಲಿ ಮೂರನೇ ನಂಬರಿಂದ ಏಳನೇ ನಂಬರಿಗೆ ಹೋದದ್ದು." ಭಾವ ಎಲೆಯಡಿಕೆ ಉಗಿದು ಬಂದರು. ಬಹಳ ಹೊತ್ತಿನ ಮೇಲೆ, "ಫೈರ್‌ಫಾಕ್ಸ್ ಬೇರೆ ಗೋತ್ರ ತಾನೆ?" ಎಂದರು. ಬೇರೆಯೇ. ಆದರೆ ಆ ಮನೆಗೆ ಅಕ್ಕಿಬೇಳೆ ಬರುವುದು ಬಹುಪಾಲು ಗೂಗಲ್ ಕೊಡುವ ದುಡ್ಡಿನಿಂದಲೇ ಎಂಬುದನ್ನು ನಾನು ಹೇಳಬಾರದಿತ್ತು. ವಾಪಸು ಮೈಸೂರಿನವರೆಗೂ ಭಾವ ಮಾತಾಡಲಿಲ್ಲ.

ಕಳೆದ ದೀಪಾವಳಿಗೆ ಬಂದಾಗ ಮುಖ ಅರಳಿತ್ತು. ಕಾಲು ತೊಳೆದರು, ನೀರು ಕುಡಿದರು, "ಏನೋ, ಇನ್ನೂ ಅದನ್ನೇ ಇಟ್ಕೊಂಡಿದ್ದೀಯಾ?" ಎಂದರು. ಈಗ ಎ.ಐ. ಬ್ರೌಸರ್ ಅಂತ ಬಂದಿದೆಯಂತೆ. ನಾವು ಓದಲೇಬೇಕಾಗಿಲ್ಲ. ಪುಟ ಅದೇ ತೆಗೆಯುತ್ತದೆ, ಅದೇ ಓದುತ್ತದೆ, ಸಾರಾಂಶ ಅದೇ ಹೇಳುತ್ತದೆ.

"ಮತ್ತೆ ನೀವೇನು ಮಾಡ್ತೀರಿ?" ಎಂದಳು ಅಕ್ಕ, ಕಜ್ಜಾಯ ಮುಂದಿಡುತ್ತ.

"ನಾನು ಎರಡು ಮೂರು ಹಾಕ್ಕೊಂಡು, ಯಾವುದು ಚೆನ್ನಾಗಿ ಓದುತ್ತೆ ಅಂತ ನೋಡ್ತೀನಿ."

ಸಂಜೆ ಅವರು ಹೊರಟುಹೋದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕೆಳಗಿನ ಪಟ್ಟಿಯಲ್ಲಿ ಏಳು ಗುಂಡು ಚಿತ್ರಗಳು, ನವಗ್ರಹಕ್ಕೆ ಎರಡು ಕಡಿಮೆ. ಒಂದೊಂದೂ ಮೇಲೆದ್ದು, ನನ್ನನ್ನೇ ಡೀಫಾಲ್ಟ್ ಮಾಡಿಕೋ ಎಂದು ಕೇಳುತ್ತಿತ್ತು. ಉತ್ತರ ಕೊಡುವಷ್ಟರಲ್ಲಿ ಅಕ್ಕನ ಫೋನು, ಬಸ್ಸಿನ ಗದ್ದಲದ ನಡುವೆ.

"ಅವರ ಕನ್ನಡಕ ನಿಮ್ಮನೇಲೇ ಬಿಟ್ಟಿದಾರಂತೆ, ನೋಡೋ. ಹೊಸದು ಮಾಡಿಸ್ಕೊಳ್ಳಿ ಅಂತ ಹನ್ನೆರಡು ವರ್ಷದಿಂದ ಬಡ್ಕೋತಿದೀನಿ, ಕೇಳಲ್ಲ. ಒಗ್ಗಿಹೋಗಿದೆಯಂತೆ."

ನೋಡಿದೆ. ಕೀಬೋರ್ಡಿನ ಪಕ್ಕದಲ್ಲೇ ಇತ್ತು, ದಾರ ಸುತ್ತಿದ ಕಡ್ಡಿ ಮೇಲಾಗಿ.