ಎಜಿ ಅಭಿಪ್ರಾಯ ಬರಲಿ, ನೋಡೋಣ

ಯಾವುದಾದರೂ ಕಡತ ಕೈ ಸುಡತೊಡಗಿದರೆ ನಮ್ಮ ಮಂತ್ರಿಗಳ ಬಾಯಿಂದ ತಪ್ಪದೆ ಬರುವ ಮಾತೊಂದಿದೆ: ‘ಎಜಿ ಅಭಿಪ್ರಾಯ ಕೇಳಿದ್ದೇವೆ, ಬರಲಿ ನೋಡೋಣ.’ ಏನು ಬರುತ್ತದೆಂಬ ಕುತೂಹಲ ಕೇಳಿದವರಿಗೇ ಇರುವುದಿಲ್ಲ. ಯಾವಾಗ ಬರಬೇಕೆಂಬುದಷ್ಟೇ ಲೆಕ್ಕಾಚಾರ. ಅಧಿವೇಶನ ನಡೆಯುತ್ತಿದ್ದರೆ ಅದು ಮುಗಿದ ಮೇಲೆ. ಸಂಜೆ ಸಂಪುಟ ಸಭೆಯಿದ್ದರೆ ಮಧ್ಯಾಹ್ನದೊಳಗೆ.

ಎಜಿ, ಅಂದರೆ ಅಡ್ವೊಕೇಟ್ ಜನರಲ್, ಸಂವಿಧಾನದ 165ನೇ ವಿಧಿ ಕೊಟ್ಟ ಹುದ್ದೆ. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಬೇಕು. ನ್ಯಾಯಮೂರ್ತಿಗಾದರೆ 62ಕ್ಕೆ ನಿವೃತ್ತಿ, ಎಜಿಗೆ ಅಂಥ ಗಡಿಯಿಲ್ಲ. ಸದನದಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. (ಮತವಿದ್ದೂ ಐದು ವರ್ಷ ಬಾಯಿ ಬಿಡದ ಶಾಸಕರ ಪಕ್ಕ ಕೂರಿಸಲು ಹೇಳಿ ಮಾಡಿಸಿದ ಜೋಡಿ.) ನೇಮಿಸುವವರು ರಾಜ್ಯಪಾಲರು, ಅವರಿಗೆ ಇಷ್ಟವಿರುವಷ್ಟು ದಿನ ಕುರ್ಚಿ. ಆ ಇಷ್ಟ ಹುಟ್ಟುವುದು ಮಾತ್ರ ರಾಜಭವನದಲ್ಲಲ್ಲ, ವಿಧಾನಸೌಧದ ಮೂರನೇ ಮಹಡಿಯಲ್ಲಿ. ಹೀಗಾಗಿ ಸರ್ಕಾರ ಬಿದ್ದ ದಿನ ಎಜಿಗೆ ಯಾರೂ ಹೋಗಿ ಎನ್ನಬೇಕಾಗಿಲ್ಲ. ಅವರೇ ರಾಜೀನಾಮೆ ಬರೆಯುತ್ತಾರೆ.

ಹೋಗುವವರ ಅಭಿಪ್ರಾಯ ಕಡತದಲ್ಲೇ ಉಳಿಯುತ್ತದೆ. ಡಿ.ಕೆ. ಶಿವಕುಮಾರ್ ವಿರುದ್ಧ ಸಿಬಿಐ ತನಿಖೆಗೆ 2019ರ ಸೆಪ್ಟೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ಒಪ್ಪಿಗೆ ಕೊಟ್ಟಿತು. 2023ರ ನವೆಂಬರ್‌ನಲ್ಲಿ ಅದೇ ಶಿವಕುಮಾರ್ ಉಪಮುಖ್ಯಮಂತ್ರಿಯಾಗಿದ್ದ ಸರ್ಕಾರ ಒಪ್ಪಿಗೆ ಹಿಂಪಡೆಯಿತು. ಯಾಕೆ ಎಂದರೆ, ಹಿಂದಿನ ಎಜಿ ಹೇಳಿದ್ದನ್ನೂ ಈಗಿನ ಎಜಿ ಹೇಳಿದ್ದನ್ನೂ ನೋಡಿಯೇ ತೀರ್ಮಾನಿಸಿದ್ದೇವೆ ಎಂದಿತು ಸಂಪುಟ. ನಾಲ್ಕು ವರ್ಷದಲ್ಲಿ ಕಾನೂನಿನ ಒಂದು ಅಕ್ಷರವೂ ಬದಲಾಗಿರಲಿಲ್ಲ, ಕಡತ ಹಿಡಿದ ಕೈ ಬದಲಾಗಿತ್ತು.

ಎಲ್ಲರೂ ಹಾಗಲ್ಲ, ನಿಜ. ಬಿ.ವಿ. ಆಚಾರ್ಯರು ಐದು ಸಲ ಎಜಿಯಾದವರು. ಜಯಲಲಿತಾ ಅಕ್ರಮ ಆಸ್ತಿ ಪ್ರಕರಣಕ್ಕೂ ಅವರೇ ವಿಶೇಷ ಸರ್ಕಾರಿ ಅಭಿಯೋಜಕರು. ಎರಡೂ ಬೇಡ, ಒಂದನ್ನು ಬಿಡಿ ಎಂಬ ಒತ್ತಡ ಬಂದಾಗ, 2012ರ ಫೆಬ್ರುವರಿಯಲ್ಲಿ ಅವರು ಬಿಟ್ಟದ್ದು ಎಜಿ ಹುದ್ದೆಯನ್ನು! ದೊಡ್ಡ ಕುರ್ಚಿ ಬಿಟ್ಟು ಸಣ್ಣ ಸ್ಟೂಲು ಹಿಡಿದ ಈ ಮನುಷ್ಯನನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಆಗಸ್ಟ್ ಹೊತ್ತಿಗೆ ಆ ಸ್ಟೂಲನ್ನೂ ಅವರು ಬಿಟ್ಟರು. ಇಂಥ ಸ್ವಭಾವದಿಂದ ಯಾರ ವೃತ್ತಿಜೀವನಕ್ಕೂ ಒಳ್ಳೆಯದಾಗುವುದಿಲ್ಲವೆಂದು ಕಿರಿಯ ವಕೀಲರು ತಿಳಿದುಕೊಳ್ಳಬೇಕು.

ಮಾಜಿಯಾದ ಮೇಲಿನ ಬದುಕು ಇನ್ನೂ ರಂಗಾಗಿರುತ್ತದೆ. 2022ರಲ್ಲಿ ಹಿಜಾಬ್ ಪ್ರಕರಣ ಹೈಕೋರ್ಟಿಗೆ ಬಂದಾಗ ಸರ್ಕಾರದ ಪರ ಎಜಿ ಪ್ರಭುಲಿಂಗ ನಾವದಗಿ. ಎದುರು ವಿದ್ಯಾರ್ಥಿನಿಯರ ಪರ ಮಾಜಿ ಎಜಿ ಪ್ರೊ. ರವಿವರ್ಮ ಕುಮಾರ್. ಎರಡೇ ವರ್ಷ ಕಳೆಯಿತು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ವಿಚಾರದಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ತನಿಖೆಗೆ ರಾಜ್ಯಪಾಲ ಥಾವರಚಂದ್ ಗೆಹಲೋತ್ ಅನುಮತಿ ಕೊಟ್ಟರು, 2024ರ ಆಗಸ್ಟ್‌ನಲ್ಲಿ. ಈ ಸಲ ರವಿವರ್ಮ ಕುಮಾರ್ ಮುಖ್ಯಮಂತ್ರಿ ಕಡೆ, ನಾವದಗಿ ದೂರುದಾರರೊಬ್ಬರ ಕಡೆ. ಕಕ್ಷಿ ಕೊಟ್ಟ ವಕಾಲತ್ತಿಗೆ ವಾದಿಸುವುದು ವಕೀಲರ ಧರ್ಮ, ಅದರಲ್ಲಿ ತಕರಾರಿಲ್ಲ.

ನನಗೆ ಮಜಾ ಅನ್ನಿಸಿದ್ದು ಆಗಿನ ಎಜಿಯ ಪಾಡು. 2023ರಲ್ಲಿ ಕೆ. ಶಶಿಕಿರಣ್ ಶೆಟ್ಟಿ ಅವರನ್ನು ಹುದ್ದೆಗೆ ನೇಮಿಸಿದ ಸಹಿ ಇದೇ ರಾಜ್ಯಪಾಲರದು. ಮರುವರ್ಷ ಅದೇ ರಾಜ್ಯಪಾಲರ ಇನ್ನೊಂದು ಸಹಿ ಸರಿಯಿಲ್ಲ ಎಂದು ಅವರು ಸರ್ಕಾರದ ಪರ ಎದ್ದುನಿಂತು ವಾದಿಸಬೇಕಾಯಿತು. ರಾಜ್ಯಪಾಲರೋ, ರಾಜ್ಯದ ವಕೀಲರು ತಮ್ಮ ಪಾಲಿಗಿಲ್ಲವಾದ್ದರಿಂದ ದಿಲ್ಲಿಯ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಅವರಿಂದ ವಾದ ಮಾಡಿಸಿದರು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಮುಖ್ಯಮಂತ್ರಿಯ ಅರ್ಜಿ ವಜಾ ಮಾಡಿದರು. ರಾಜ್ಯಪಾಲರ ಆದೇಶ ಗೆದ್ದಿತು, ರಾಜ್ಯಪಾಲರು ನೇಮಿಸಿದ ವಕೀಲರ ವಾದ ಬಿತ್ತು. ‘ಇಷ್ಟ’ ಮಾತ್ರ ಮರುದಿನವೂ ಹಾಗೇ ಮುಂದುವರಿಯಿತು.