ಕಂಬದೂರಿನಿಂದ ಆನ್‌ಲೈನ್ ಡಾಕ್ಟರೇಟ್: ಒಂದು ಸಮಗ್ರ, ವಿಶ್ಲೇಷಣಾತ್ಮಕ ಹಾಗೂ ಅಪೂರ್ಣ ಅಧ್ಯಯನ

ಸಾರಲೇಖ

ಅನಂತಪುರ ಜಿಲ್ಲೆಯ ಕಂಬದೂರಿನಲ್ಲಿ ಕೂತು, ಕುರ್ಚಿಯಿಂದ ಏಳದೆ ಪಿಎಚ್‌ಡಿ ಮುಗಿಸಬಹುದೇ ಎಂಬುದು ಈ ಪ್ರಬಂಧದ ಮೂಲಪ್ರಶ್ನೆ. ನಿಯಮದ ಪ್ರಕಾರ ಆಗುವುದಿಲ್ಲ, ವ್ಯವಹಾರದಲ್ಲಿ ಬೇರೆ ದಾರಿಯೇ ಇಲ್ಲ ಎಂದು ಇಲ್ಲಿ ಸಾಧಿಸಲಾಗಿದೆ. ಸಾಧಿಸಲಾಗದ ಕಡೆಗಳಲ್ಲಿ ‘ಎಂದು ಹೇಳಬಹುದು’ ಎಂದು ಹೇಳಲಾಗಿದೆ.

ಅಧ್ಯಾಯ 1: ಕ್ಷೇತ್ರ ಪರಿಚಯ

ಕಂಬದೂರು ಕಲ್ಯಾಣದುರ್ಗದ ಸೀಮೆಯ ಮಂಡಲ ಕೇಂದ್ರ. ಮಳೆ ಕಡಿಮೆ, ಕಡಲೆಕಾಯಿ ಹೆಚ್ಚು. ಗಡಿಯಾಚೆ ಕರ್ನಾಟಕದ ಪಾವಗಡ ದೂರವಿಲ್ಲದ್ದರಿಂದ ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದುಂಟು. ನೊಳಂಬರ ಕಾಲದ ವಾಸ್ತುವಿಗೆ ಹೆಸರಾದ ಮಲ್ಲಿಕಾರ್ಜುನ ದೇವಸ್ಥಾನ ಈ ಊರಿನಲ್ಲಿಯೇ ಇದೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಕಡೆಗಿದೆ. ನೊಳಂಬರ ಮೇಲೆ ಸಂಶೋಧನೆ ಮಾಡುವವನಿಗೆ ಇದಕ್ಕಿಂತ ಅನುಕೂಲದ ಊರು ಸಿಗಲಾರದು.

ಆಕರ ಇಷ್ಟು ಹತ್ತಿರವಿದ್ದರೆ ಸಂಶೋಧನೆಗೆ ಬೇಕಾದ ವಸ್ತುನಿಷ್ಠತೆ ಉಳಿಯುವುದಿಲ್ಲ. ಇದನ್ನು ಮನಗಂಡ ನಮ್ಮ ಸಂಶೋಧನಾರ್ಥಿ (ಶಾಲಾ ಮೇಷ್ಟ್ರು, ಅರೆಕಾಲಿಕ ನೋಂದಣಿ, ಸಂಪೂರ್ಣ ಕಾಲ್ಪನಿಕ ವ್ಯಕ್ತಿ) ದೇವಸ್ಥಾನದ ಚಿತ್ರಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಕೆಲಸ ಆರಂಭಿಸಿದರು.

ಅಧ್ಯಾಯ 2: ಪೂರ್ವಾಧ್ಯಯನಗಳ ಸಮೀಕ್ಷೆ

ಕಿಟೆಲ್ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಸಾರಲೇಖ ಸಲ್ಲಿಸಿರಲಿಲ್ಲ, ಕೋರ್ಸ್‌ವರ್ಕಿನ 12 ಕ್ರೆಡಿಟ್‌ಗಳನ್ನೂ ಗಳಿಸಿರಲಿಲ್ಲ. ಕೆಲಸ ಮೊದಲು, ಪದವಿ ಆಮೇಲೆ ಎಂಬ ಈ ತಲೆಕೆಳಗಾದ ವಿಧಾನವನ್ನು ಇಂದು ಯಾರೂ ಅನುಸರಿಸುವುದಿಲ್ಲ.

ಎ.ಎನ್. ನರಸಿಂಹಯ್ಯನವರು ಕನ್ನಡದ ಅತಿ ಹಳೆಯ ಶಾಸನಗಳ ವ್ಯಾಕರಣ ಬರೆದವರು; ಅವರ ಪಿಎಚ್‌ಡಿ ಲಂಡನ್ನಿನದು. ನಮ್ಮ ಹೊಲಗದ್ದೆಗಳಲ್ಲಿ ನಿಂತ ಕಲ್ಲುಗಳ ಮೇಲಿನ ಪಾಂಡಿತ್ಯಕ್ಕೆ ಆಗಲೇ ಸಮುದ್ರದಾಚೆಯ ಮೊಹರು ಬೇಕಾಗಿತ್ತು. ದೂರಶಿಕ್ಷಣದ ಬೇರು ಇಲ್ಲಿದೆ ಎಂದು ಹೇಳಬಹುದು.

ಇನ್ನು ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ 1939ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಾಸನಗಳನ್ನು ಒಮ್ಮೆ ಓದಿಯಾಗಿರುವುದರಿಂದ ಮತ್ತೆ ಓದುವುದು ಪುನರುಕ್ತಿ ದೋಷವಾದೀತೆಂದು ನಮ್ಮ ಸಂಶೋಧನಾರ್ಥಿ ಸಂಪುಟದ ಹೆಸರನ್ನಷ್ಟೇ ಗ್ರಂಥಋಣಕ್ಕೆ ಸೇರಿಸಿಕೊಂಡರು.

ಅಧ್ಯಾಯ 3: ಧರ್ಮಶಾಸ್ತ್ರ ವಿಚಾರ

ಯುಜಿಸಿ 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ ಈ ವಿಷಯದ ಪ್ರಮುಖ ಸ್ಮೃತಿ. ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್‌ಡಿ ಕೊಡುವಂತಿಲ್ಲ ಎಂಬುದು ಅದರ ಸ್ಪಷ್ಟ ವಿಧಿ. ಅದಕ್ಕೂ ಕೆಲವೇ ದಿನ ಮುಂಚೆ, ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಜಾಹೀರಾತು ಹಾಕುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ ಜೊತೆಗೂಡಿ ಎಚ್ಚರಿಸಿದ್ದವು. ಆದರೆ ಅರೆಕಾಲಿಕ ಪಿಎಚ್‌ಡಿಗೆ ಅವಕಾಶವಿದೆ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ತಂದರಾಯಿತು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿ ಮಾಡಿಸಿದರೆ ಇನ್ನೆರಡು.

ಇಲ್ಲಿಂದ ಈ ಪ್ರಬಂಧದ ಪ್ರಾಕ್ಕಲ್ಪನೆ ಹುಟ್ಟುತ್ತದೆ: ಭಾರತದಲ್ಲಿ ಆನ್‌ಲೈನ್ ಪಿಎಚ್‌ಡಿ ಎಂಬುದು ಇಲ್ಲ, ಇರುವ ಆಫ್‌ಲೈನ್ ಪಿಎಚ್‌ಡಿಗಳೆಲ್ಲ ವಾಟ್ಸಾಪಿನಲ್ಲಿ ನಡೆಯುತ್ತವೆ.

ಅಧ್ಯಾಯ 4: ಮಾರ್ಗದರ್ಶನ ಮೀಮಾಂಸೆ

ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಅವರು ಎಷ್ಟು ದಿನದೊಳಗೆ ಉತ್ತರಿಸಬೇಕು ಎಂಬ ಬಗ್ಗೆ ಸ್ಮೃತಿಕಾರರು ಮೌನವಾಗಿರುವುದರಿಂದ ಈ ಶಾಖೆ ಸ್ವತಂತ್ರವಾಗಿ ಬೆಳೆದಿದೆ. ಉತ್ತರಗಳನ್ನು ನಾಲ್ಕು ವರ್ಗ ಮಾಡಬಹುದು.

ಅ) ನೀಲಗೆರೆ. ಕಳಿಸಿದ ಅಧ್ಯಾಯದ ಕೆಳಗೆ ಎರಡು ಗೆರೆ ನೀಲಿಯಾಗುತ್ತವೆ. ಆಮೇಲೆ ಏನೂ ಆಗುವುದಿಲ್ಲ. ಇದು ಸಮ್ಮತಿಯೋ ಕೋಪವೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ.

ಆ) ಹೆಬ್ಬೆರಳು. ಗುರುವಿನ ಮೂರ್ತಿಯೆದುರು ಕಲಿತ ಏಕಲವ್ಯನನ್ನು ದೂರಶಿಕ್ಷಣದ ಆದಿಪುರುಷ ಎನ್ನುವುದುಂಟು. ಅಂದು ಶಿಷ್ಯ ಗುರುವಿಗೆ ಕತ್ತರಿಸಿ ಕೊಟ್ಟ ಹೆಬ್ಬೆರಳನ್ನು ಇಂದು ಗುರುಗಳೇ ಶಿಷ್ಯನಿಗೆ ಕಳಿಸಿಕೊಡುತ್ತಿದ್ದಾರೆ, ಅದೂ ಹಳದಿ ಬಣ್ಣದಲ್ಲಿ. ಸಾಲ ತೀರಿತೆಂದು ಭಾವಿಸಬಹುದು.

ಇ) ‘ನೋಡ್ತೀನಿ.’ ಭವಿಷ್ಯತ್ಕಾಲದ ಕ್ರಿಯಾಪದವಾದರೂ ಯಾವ ಭವಿಷ್ಯಕ್ಕೂ ಅನ್ವಯಿಸದು.

ಈ) ‘ಇನ್ನೂ ಆಳಕ್ಕೆ ಹೋಗಿ.’ ಅನಂತಪುರ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಈ ಸಲಹೆಯ ಫಲ ಗೊತ್ತು: ಆಳಕ್ಕೆ ಹೋದಷ್ಟೂ ಖರ್ಚು ಗ್ಯಾರಂಟಿ, ನೀರಲ್ಲ.

ಒಮ್ಮೆ ಮಾತ್ರ ಮಾರ್ಗದರ್ಶಕರು ಈ ವರ್ಗೀಕರಣವನ್ನು ಮೀರಿ ಕೇಳಿದರು.

‘ಅಲ್ರೀ ಮೇಷ್ಟ್ರೇ, ದೇವಸ್ಥಾನ ನಿಮ್ಮ ಊರಲ್ಲೇ ಇದೆಯಲ್ಲ, ಹೋಗಿ ನೋಡಿದ್ರಾ?’

‘ನೋಡ್ತೀನಿ ಸಾರ್.’

ಜ್ಞಾನ ಗುರುವಿನಿಂದ ಶಿಷ್ಯನಿಗೆ ಪೂರ್ಣವಾಗಿ ಹರಿದಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಅಧ್ಯಾಯ 5: ಕೃತಿಚೌರ್ಯ ನಿರ್ಣಯ

ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಕದಿಯುವುದಕ್ಕೆ ಇಷ್ಟು ನಯವಾದ ಅಳತೆಗೋಲು ದಂಡಸಂಹಿತೆಯಲ್ಲೂ ಇಲ್ಲ.

ಇಲ್ಲಿ ಕನ್ನಡ ಸಂಶೋಧನೆಗೆ ಒಂದು ವಿಶೇಷ ರಕ್ಷಣೆ ದೊರೆತಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ ಪುಟ ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಮಾತ್ರ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಅಂಥ ವಾಕ್ಯವನ್ನು ಜಗತ್ತಿನಲ್ಲಿ ಯಾರೂ ಬರೆದಿರಲಾರರೆಂದು ಯಂತ್ರ ಪ್ರಾಮಾಣಿಕವಾಗಿ ನಂಬಿತು. ನಮ್ಮ ಸಂಶೋಧನಾರ್ಥಿಯ ಹೋಲಿಕೆ ಪ್ರಮಾಣ ಸೊನ್ನೆ ಬಂತು. ಅರ್ಥವಾಗದ್ದೆಲ್ಲ ಸ್ವೋಪಜ್ಞ ಎಂಬ ತತ್ತ್ವವನ್ನು ಮನುಷ್ಯರಾದ ಪರೀಕ್ಷಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಯಂತ್ರ ಈಗ ದೃಢಪಡಿಸಿದೆ, ಅಷ್ಟೆ.

ಅಧ್ಯಾಯ 6: ಮೌಖಿಕ ಪರೀಕ್ಷೆ

ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ವಿಡಿಯೊ ಮೂಲಕ ವೈವಾ ನಡೆಸಬಹುದೆಂದು ಯುಜಿಸಿ ಹೇಳಿತು. ಅಲ್ಲಿಯವರೆಗೆ ವೈವಾದ ಹೃದಯಭಾಗವಾಗಿದ್ದ ಊಟ, ಶಾಲು ಮತ್ತು ಹಣ್ಣಿನ ಬುಟ್ಟಿಗಳಿಗೆ ಅಂದು ದೊಡ್ಡ ಪೆಟ್ಟು ಬಿತ್ತು. ಬಾಹ್ಯ ಪರೀಕ್ಷಕರಿಗೆ ಪ್ರಶ್ನೆ ಕೇಳುವುದರ ಹೊರತು ಬೇರೆ ಕೆಲಸ ಉಳಿಯಲಿಲ್ಲ.

‘ನೀವು ಹೇಳುವ ಶಾಸನ ದೇವಸ್ಥಾನದ ಯಾವ ಭಾಗದಲ್ಲಿದೆ?’ ಎಂದು ಅವರು ಕೇಳಿದರು.

‘ಸಾರ್, ನಿಮ್ಮ ವಾಯ್ಸ್ ಕಟ್ ಆಗ್ತಾ ಇದೆ.’

ಪ್ರಶ್ನೆಯನ್ನು ಇನ್ನೆರಡು ಸಲ ಕೇಳಲಾಯಿತು; ಧ್ವನಿ ಇನ್ನೆರಡು ಸಲ ಕಟ್ಟಾಯಿತು. ‘ಅಭಿನಂದನೆಗಳು’ ಎಂಬ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಗಡಿನಾಡಿನ ನೆಟ್‌ವರ್ಕಿಗೆ ವಿವೇಚನಾಶಕ್ತಿಯಿದೆ ಎಂದು ಹೇಳಬಹುದು.

ಅಧ್ಯಾಯ 7: ಫಲಿತಗಳು, ಮಿತಿಗಳು

1. ಪಿಎಚ್‌ಡಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ಮಾರ್ಗದರ್ಶಕರ ಪಕ್ಕದ ಕೋಣೆಯಲ್ಲಿದ್ದವನೂ ದೂರಶಿಕ್ಷಣದ ವಿದ್ಯಾರ್ಥಿಯೇ ಆಗಿರಬಹುದು.

2. ಮಹಾಪ್ರಬಂಧ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಸೇರುತ್ತದೆ. ಅದನ್ನು ಮುಂದೆ ಓದುವವನು ಅದೇ ವಿಷಯದ ಮುಂದಿನ ಅಭ್ಯರ್ಥಿ. ಓದುವ ಉದ್ದೇಶ ಅಧ್ಯಾಯ 5ರಲ್ಲಿದೆ.

3. ಈ ವಿಷಯದಲ್ಲಿ ಮುಂದೆಯೂ ಸಂಶೋಧನೆಗೆ ವಿಪುಲ ಅವಕಾಶವಿದೆ. ಮಲ್ಲಿಕಾರ್ಜುನ ದೇವಸ್ಥಾನಕ್ಕೆ ನಡೆದುಹೋಗಿ ಕಲ್ಲಿನ ಮೇಲಿರುವುದನ್ನು ಓದುವುದು ಅವುಗಳಲ್ಲೊಂದು. ಅದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.