ಮೇಕಪ್ಪನ ಬಾಯಿ

ನಾನು ಹಿಟ್ನಾಳದ ಮನೆಯಲ್ಲಿ ಕೂತು ಲಿನಕ್ಸ್ ಕರ್ನೆಲ್ ಬಿಲ್ಡ್ ಮಾಡುವಾಗ ಅವ್ವ ಪಡಸಾಲೆಯಿಂದಲೇ ಪರದೆಯ ಮೇಲೊಂದು ಕಣ್ಣಿಟ್ಟಿರುತ್ತಾಳೆ. ಅಕ್ಷರಗಳು ಸರಸರ ಮೇಲೇರುತ್ತಿದ್ದರೆ ಮಗ ದುಡಿಯುತ್ತಿದ್ದಾನೆಂದು ಸಮಾಧಾನ. ನಿಂತವೋ, "ಯಾಕಪಾ, ಇವತ್ತ ಕೆಲಸ ಇಲ್ಲೇನ?" ನಿಜ ಹೇಳಬೇಕೆಂದರೆ ಅಕ್ಷರ ಓಡುವಷ್ಟು ಹೊತ್ತೂ ನನ್ನ ಕೆಲಸ ಚಹಾ ಕುಡಿಯುವುದು. ಮ್ಯಾನೇಜರುಗಳಿಗೆ ಇದು ಗೊತ್ತಿಲ್ಲ, ಅವ್ವನಿಗೂ ಹೇಳಿಲ್ಲ.

ದುಡಿಯುವವನು ಮೇಕ್. 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಪ್ರೋಗ್ರಾಮು. ಕಂಪೈಲರಿಗೆ ಕೊಡುವ ಆಜ್ಞೆಯನ್ನು ಮೊದಲು ಓದಿ ಹೇಳಿ, ಆಮೇಲೆ ನಡೆಸುವುದು ಅವನ ಹುಟ್ಟುಗುಣ. ಹೆಡರುಗಳು ಯಾವ ಫೋಲ್ಡರಿನಲ್ಲಿವೆ, ಯಾವ್ಯಾವ ವಾರ್ನಿಂಗ್ ಕೊಡಬೇಕು ಎಂದೆಲ್ಲ ಸೇರಿ ಒಂದೊಂದು ಆಜ್ಞೆಯೂ ಮಾರುದ್ದ. ಕರ್ನೆಲ್ಲಿನಲ್ಲಿ ಫೈಲುಗಳೋ ಸಾವಿರಗಟ್ಟಲೆ.

ನಮ್ಮ ದೊಡ್ಡಪ್ಪ ಹೊಸಪೇಟೆಗೆ ಹೊರಟರೂ ಇದೇ ಕಥೆ. ಒಮ್ಮೆ ಫೋನ್ ಹಚ್ಚಿ ಶುರು: "ಚಪ್ಪಲಿ ಮೆಟ್ಟೀನಿ. ಕೀಲಿ ಹಾಕೀನಿ. ಬಸ್ ಹತ್ತೀನಿ. ಸೀಟ್ ಸಿಕ್ಕೈತಿ. ಒಲಿ ಮ್ಯಾಗ ಹಾಲ ಬಿಟ್ಟ ಬಂದೀನಿ. ಮುನಿರಾಬಾದ್ ಬಂತು. ಹೊಳಿ ದಾಟೀನಿ." ನಾವು "ಹೂಂ, ಹೂಂ" ಅನ್ನುತ್ತಲೇ ಇದ್ದೆವು. ಹಾಲಿನ ಸುದ್ದಿ ತಿಳಿದದ್ದು ಪಕ್ಕದ ಮನೆಯವರು ಹೊಗೆ ಕಂಡು ಕೂಗಿದಾಗ.

ಮೇಕ್ ಮಾತಿನ ನಡುವೆಯೂ ಇಂಥ ಹಾಲಿರುತ್ತದೆ. ಇಂಥ ವೇರಿಯಬಲ್ಲಿಗೆ ಬೆಲೆಯನ್ನೇ ಕೊಟ್ಟಿಲ್ಲ ಎಂದು ಕಂಪೈಲರ್ ಒಮ್ಮೆ ಗೊಣಗುತ್ತದೆ. ಮರುಕ್ಷಣ ಅದರ ಮೇಲೆ ನೂರು ಸಾಲು ಬಿದ್ದಿರುತ್ತವೆ. ಕೆಲಸ ಬೇಗ ಮುಗಿಯಲೆಂದು ನಾಲ್ಕೆಂಟು ಫೈಲುಗಳನ್ನು ಒಟ್ಟಿಗೇ ಕಂಪೈಲ್ ಮಾಡಿಸಿದರೆ ಎಲ್ಲರ ಮಾತೂ ಕಲಸಿಹೋಗುತ್ತದೆ, ಬೈದದ್ದು ಯಾವ ಫೈಲಿಗೆ ಎಂದು ತಿಳಿಯುವುದೂ ಕಷ್ಟ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರದು ಎಂಬ ಶಿಸ್ತು ಗ್ನೂ ಮೇಕಿಗೆ ಬಂದದ್ದು 2013ರ 4.0 ಆವೃತ್ತಿಯಲ್ಲಿ. ಅದನ್ನೂ ನಾವಾಗಿಯೇ ಕೇಳಬೇಕು.

ಬಾಯಿ ಮುಚ್ಚಿಸುವ ಉಪಾಯಗಳು ಹಳೆಯವೇ. ಆಜ್ಞೆಯ ಶುರುವಿಗೆ '@' ಇಟ್ಟರೆ ಆ ಸಾಲನ್ನು ಓದಿ ಹೇಳುವುದಿಲ್ಲ. '-ಎಸ್' ಎಂದರೆ ಯಾವ ಆಜ್ಞೆಯನ್ನೂ ಹೇಳುವುದಿಲ್ಲ. ಅಷ್ಟು ಮೌನವೂ ನನಗಾಗದು, ಕೆಲಸ ನಡೆದಿದೆಯೋ ನಿದ್ದೆ ಹೊಡೆದಿದೆಯೋ ಗೊತ್ತಾಗಬೇಡವೇ? ಕರ್ನೆಲ್ಲಿನವರ ರೀತಿ ನನಗಿಷ್ಟ: ಫೈಲಿಗೊಂದು ಸಾಲು, 'ಸಿಸಿ' ಎಂದು ಫೈಲಿನ ಹೆಸರು, ಮುಗಿಯಿತು. ಪೂರ್ತಿ ಪುರಾಣ ಬೇಕಾದವರು 'ವಿ=1' ಎನ್ನಲಿ. ಮೇಕಿಗೆ ಬೇಕಾದ ಫೈಲು ಬರೆದುಕೊಡುವ ಆಟೋಮೇಕ್ ಕೂಡ 2009ರಲ್ಲಿ ಈ ದಾರಿಗೆ ಬಂತು. ಇನ್ನು ಕೆಲವರು ಸಿಟ್ಟಿನಲ್ಲಿ ಎಲ್ಲವನ್ನೂ ಡೆವ್ ನಲ್ ಎಂಬ ತಳವಿಲ್ಲದ ಗುಂಡಿಗೆ ಸುರಿಯುತ್ತಾರೆ. ಯುನಿಕ್ಸ್ ಹರಟೆಗೆ 1, ದೂರಿಗೆ 2 ಎಂದು ಬೇರೆ ಬೇರೆ ಕಾಲುವೆ ತೋಡಿಕೊಟ್ಟಿದೆ. ಎರಡನ್ನೂ ಒಂದೇ ಗುಂಡಿಗೆ ಹರಿಸುವುದು ಎಂಥ ಜಾಣತನ!

ನಾನು ಪರದೆಗೆ ಸಣ್ಣದನ್ನು ಬಿಟ್ಟು, ದೊಡ್ಡದನ್ನು ಲಾಗ್ ಫೈಲಿಗೆ ತುಂಬಿಸುತ್ತೇನೆ. ಬಿಲ್ಡ್ ಬಿದ್ದಾಗ ಬೇಕಾಗುವುದು ಅದೇ, ಅದರಲ್ಲೂ ಮೊದಲ ಎರರ್. ಕೊನೆಯ ಸಾಲಿನ 'ಎರರ್ 2' ಎಂದರೆ ಕೆಳಗೆ ಯಾರೋ ಬಿದ್ದಿದ್ದಾರೆ ಎಂದಷ್ಟೇ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ಇದನ್ನೆಲ್ಲ ವಿವರಿಸಿ, ಲಾಗ್ ಕಳಿಸಪ್ಪಾ ಎಂದೆ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದು ಕಳಿಸಿದ. ಕೊನೆಯ ಮೂರು ಸಾಲು, ಮೂರರಲ್ಲೂ 'ಎರರ್ 2'. ಮೊದಲನೆಯದು ಎಲ್ಲಿ ಎಂದು ಕೇಳಿದರೆ,

"ಅದು ಮ್ಯಾಲ ಹೋತ್ರಿ ಸರ್."